ಬೆನ್ನು ನೋಡುವ ಭಾವ

ನಮ್ಮ ಭಾವನ ಅಂಗಡಿಗೆ ಯಾರಾದರೂ ಚಿತ್ರ ತಂದರೆ ಭಾವ ಮೊದಲು ನೋಡುವುದು ಅದರ ಬೆನ್ನನ್ನು. ತಂದವರು ಪಾಪ, ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟು, ಈಗ ಹೊಗಳುತ್ತಾರೆ ಆಗ ಹೊಗಳುತ್ತಾರೆ ಅಂತ ಕಾಯುತ್ತಿರುತ್ತಾರೆ. ಭಾವ ಮಾತಿಲ್ಲದೆ ಅದನ್ನು ಮಗುಚಿ ಹಾಕುತ್ತಾರೆ. ಮೊಳೆಗೆ ಎಷ್ಟು ತುಕ್ಕು ಹಿಡಿದಿದೆ, ಬಟ್ಟೆಯ ಅಂಚು ಎಲ್ಲೆಲ್ಲಿ ಹಳದಿಯಾಗಿದೆ, ಧೂಳು ತಾನಾಗಿ ಕೂತದ್ದೋ ಯಾರಾದರೂ ಉಜ್ಜಿ ಕೂರಿಸಿದ್ದೋ, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ, ಕೊನೆಗೆ ಮೂಗು ಹತ್ತಿರ ತಂದು ಮೂಸುತ್ತಾರೆ. "ಮುಖ ಯಾರು ಬೇಕಾದ್ರೂ ಬರೀತಾರೆ, ಬೆನ್ನು ಸುಳ್ಳು ಹೇಳಲ್ಲ" ಅನ್ನುವುದು ಅವರ ಮಾತು. ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಇದೇ ಮಾತಿನಿಂದ ಅವರು ತಮಗಿದ್ದ ಒಬ್ಬನೇ ಒಬ್ಬ ಗೆಳೆಯನನ್ನೂ, ನನ್ನ ಅಕ್ಕನ ಮುಖವನ್ನೂ ಕಳೆದುಕೊಳ್ಳುವುದರಲ್ಲಿದ್ದರು.

ಅಂಗಡಿ ಅಂದರೆ ಅವರಿಗೆ ಸಿಟ್ಟು ಬರುತ್ತದೆ. "ಗ್ಯಾಲರಿ ಅನ್ನು" ಅನ್ನುತ್ತಾರೆ. ಇಳಿಜಾರು ಬೀದಿಯಲ್ಲಿ, ಹಿಂದೆ ಬಟ್ಟೆ ಅಂಗಡಿಯಾಗಿದ್ದ ಎರಡು ಕೋಣೆ ಅದು. ಮುಂದಿನ ಕೋಣೆಯ ಗೋಡೆಗಳಿಗೆ ಬಿಳಿ ಬಣ್ಣ, ಮೇಲೆ ಸಾಲು ದೀಪ, ಬಾಗಿಲ ಎದುರಿಗೆ ಭಾವನ ಮೇಜು. ಹಿಂದಿನ ಕೋಣೆಯಲ್ಲಿ ಮರದ ಅಟ್ಟಣಿಗೆ, ಅದರಲ್ಲಿ ತೊಳೆದಿಟ್ಟ ತಟ್ಟೆಗಳ ಹಾಗೆ ಚಿತ್ರಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಆ ಕೋಣೆಗೆ ಎರಡು ಬೀಗ. ಬೀಗದ ಮೇಲೂ ನಂಬಿಕೆಯಿಲ್ಲದೆ ಬಾಗಿಲಿಗೆ ಅಡ್ಡ ಒಂದು ಕರಿ ದಾರ ಕಟ್ಟುತ್ತಾರೆ. ಬೆಳಿಗ್ಗೆ ಬಂದು ಮೊದಲು ದಾರ ನೋಡುವುದು, ಆಮೇಲೆ ನನ್ನನ್ನು ನೋಡುವುದು. ಮಹಡಿ ಮೇಲೆ ಮನೆ.

ಹುಟ್ಟುವಾಗಲೇ ಹೀಗಿರಲಿಲ್ಲವಂತೆ. ಹರೆಯದಲ್ಲಿ ಹರಾಜಿನ ಮಳಿಗೆಯೊಂದರಲ್ಲಿ ಸಾಮಾನು ಎತ್ತಿಡುವ ಕೆಲಸದಲ್ಲಿದ್ದರು. ಅಲ್ಲಿ ಚಿತ್ರದ ಹುಚ್ಚು ಹತ್ತಿತು. ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಒಂದು ಹಳೆಯ ಚಿತ್ರ ಕೊಂಡು, ಊರಿಗೆಲ್ಲ ತೋರಿಸಿಕೊಂಡು ಬಂದ ಮೇಲೆ, ಅದೇ ಮಳಿಗೆಯ ಮುದುಕನೊಬ್ಬ ಅದನ್ನು ತಿರುಗಿಸಿ ಹಿಂದಿನ ಹೊಸ ಮೊಳೆ ತೋರಿಸಿ ಹಲ್ಲು ಕಿರಿದನಂತೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನಂತೆ. ಇವರು ನೀರನ್ನೂ ಊದಿ ಕುಡಿಯುವುದಕ್ಕೆ ಶುರು ಮಾಡಿದರು. ಹೊಗಳಿದ ಗಿರಾಕಿಯ ಮೇಲೂ ಅನುಮಾನ, ಹೊಗಳದವನ ಮೇಲೂ ಅನುಮಾನ. "ಬಾಗಿಲಿನ ಹತ್ತಿರದ ಚಿತ್ರವನ್ನ ಅವನು ನೋಡಲೇ ಇಲ್ಲ ಗಮನಿಸಿದ್ಯಾ? ಬೇಕು ಅಂತಲೇ ನೋಡಲಿಲ್ಲ" ಅನ್ನುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯಿದೆ. ಇವರು ಪ್ರಮಾಣಿಸಿದ ಮೇಲೂ ನಂಬುವವರಲ್ಲ.

ಇಂಥವರ ಜೊತೆ ಸಂಸಾರ ಮಾಡಿದವಳು ನನ್ನ ಅಕ್ಕ. ಅವಳಿಗೆ ಇವರ ಅನುಮಾನ ಒಂದು ತಮಾಷೆ. ಒಂದು ದಿನ ಮಧ್ಯಾಹ್ನ ಇವರ ಭೂತಗನ್ನಡಿ ಕಾಣೆಯಾಯಿತು. ಅಂಚೆಯವನನ್ನು ಅನುಮಾನಿಸಿದರು, ಗಾಜು ಒರೆಸುವವಳನ್ನು ಅನುಮಾನಿಸಿದರು, ಎದುರಿನ ಗಡಿಯಾರದ ಅಂಗಡಿಯವನ ಹತ್ತಿರ ಹೋಗಿ, "ನಿಮ್ಮ ಕೆಲಸಕ್ಕೂ ಇಂಥದ್ದು ಬೇಕಾಗುತ್ತಲ್ಲವಾ" ಅಂತ ಕೇಳಿ ಬೈಸಿಕೊಂಡು ಬಂದರು. ಸಂಜೆ ನೋಡಿದರೆ ಅದು ಮೇಜಿನ ಮೇಲೆಯೇ ಇತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನಾಗ ಅವರ ಮನೆಗೆ ಬಂದು ಹೋಗುತ್ತಿದ್ದವಳು, ನಾನೂ ನಕ್ಕಿದ್ದೆ.

ಅಷ್ಟು ಅನುಮಾನದ ಮನುಷ್ಯನೂ ಬೆನ್ನು ನೋಡದೆ ನಂಬಿದ್ದು ನೀಲಿ ಮಾಸ್ತರನ್ನು ಮಾತ್ರ. ಅವರು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು, ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ, ಅದಕ್ಕೇ ಆ ಹೆಸರು. ಈ ಗ್ಯಾಲರಿಯ ಮೊದಲ ಪ್ರದರ್ಶನ ಅವರದ್ದು. ಮುಂದೆ ಅವರು ದೊಡ್ಡ ಹೆಸರು ಮಾಡಿದರೂ ಬೇರೆಯವರ ಗ್ಯಾಲರಿಗೆ ಒಂದು ಚಿತ್ರವನ್ನೂ ಕೊಡಲಿಲ್ಲ. ಇಬ್ಬರೂ ಎದುರುಬದುರು ಕೂತರೆ ಗಂಟೆಗಟ್ಟಲೆ ಮಾತೇ ಆಡುತ್ತಿರಲಿಲ್ಲ. "ಇವರಿಬ್ಬರ ಹರಟೆ ತಡೆಯೋಕಾಗಲ್ಲಪ್ಪ" ಅಂತ ಅಕ್ಕ ಅಣಕಿಸುತ್ತಿದ್ದಳು.

ಅಕ್ಕನ ಚಿತ್ರ ಬರೆದದ್ದೂ ಮಾಸ್ತರೇ. ಮದುವೆಯಾಗಿ ಬಹಳ ವರ್ಷವಾದ ಮೇಲೆ, ಭಾವನಿಗೆ ಗೊತ್ತಾಗದ ಹಾಗೆ ಅವಳನ್ನು ಕೂರಿಸಿಕೊಂಡು ಬರೆದು, ಒಂದು ದಿನ ತಂದು ಕೊಟ್ಟರು. ಭಾವ ಏನು ಮಾಡಿದರು ಅಂತೀರಿ? ಮಗುಚಿ ಹಾಕಿದರು. "ನನ್ನನ್ನೂ ಹೀಗೇ ಮಗುಚಿ ನೋಡಿ ಮದುವೆಯಾದ್ರಾ?" ಅಂದಳು ಅಕ್ಕ. ಆಮೇಲೆ ಅದನ್ನು ತಮ್ಮ ಕುರ್ಚಿಯ ಹಿಂದೆ, ತಲೆಯ ಮೇಲ್ಗಡೆ ನೇತುಹಾಕಿ, ಪಕ್ಕದಲ್ಲಿ ಕೆಂಪು ಚುಕ್ಕಿ ಅಂಟಿಸಿದರು. ಗ್ಯಾಲರಿಗಳಲ್ಲಿ ಕೆಂಪು ಚುಕ್ಕಿ ಅಂದರೆ ಮಾರಾಟವಾಗಿದೆ ಅಂತ ಅರ್ಥ. ಯಾರೂ ಬೆಲೆ ಕೇಳಬಾರದಲ್ಲ, ಅದಕ್ಕೆ.

ಆಮೇಲೆ ಅಕ್ಕನಿಗೆ ಕಾಯಿಲೆ ಬಂತು, ಅಕ್ಕ ಹೋದಳು. ನಾನು ಅವಳನ್ನು ನೋಡಿಕೊಳ್ಳುವುದಕ್ಕೆ ಬಂದವಳು ಅಲ್ಲೇ ಉಳಿದೆ. ಗಿರಾಕಿಗಳ ಜೊತೆ ಮನುಷ್ಯರ ಹಾಗೆ ಮಾತಾಡುವವರು ಒಬ್ಬರಾದರೂ ಬೇಕಿತ್ತು. ಭಾವ ಕುರ್ಚಿಯಲ್ಲಿ, ಅವರ ತಲೆಯ ಮೇಲೆ ಅಕ್ಕ. ಬಂದವರು ಭಾವನ ಜೊತೆ ಮಾತಾಡುತ್ತಾ ಅಕ್ಕನನ್ನು ನೋಡುತ್ತಿದ್ದರು. ನೋಡಿದವರ ತುಟಿಯಲ್ಲಿ ಸಣ್ಣ ನಗು ಬರುತ್ತಿತ್ತು. ಆ ನಗುವಿನ ಮೇಲೂ ಇವರಿಗೆ ಅನುಮಾನ.

ಮಾಸ್ತರಿಗೆ ಎಪ್ಪತ್ತು ತುಂಬಿದಾಗ ಊರಿನ ದೊಡ್ಡ ಕಲಾಭವನದವರು ಅವರ ಎಲ್ಲ ಚಿತ್ರಗಳನ್ನೂ ಸೇರಿಸಿ ಪ್ರದರ್ಶನ ಮಾಡಬೇಕೆಂದರು. ಅಕ್ಕನ ಚಿತ್ರ ಬೇಕು ಅಂತ ಮಾಸ್ತರೇ ಬಂದು ಕೇಳಿದರು. ಭಾವ ಆಗಲ್ಲ ಅಂದರು. ಮಾಸ್ತರು ಎದುರು ಕೂತು ಸುಮ್ಮನೆ ಅವರನ್ನೇ ನೋಡಿದರು. ಕೊನೆಗೆ ಭಾವ ಒಪ್ಪಿ, ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ, ವ್ಯಾನಿನಲ್ಲಿ ತಾವೇ ಪಕ್ಕ ಕೂತು ಹೋಗಿ ಬಿಟ್ಟು ಬಂದರು. ಪ್ರದರ್ಶನ ನಡೆದಷ್ಟು ದಿನವೂ ಹೋಗಿ ಕಾವಲುಗಾರನ ಪಕ್ಕ ನಿಲ್ಲುತ್ತಿದ್ದರು. ಚಿತ್ರದ ಕಡೆಗಲ್ಲ, ಚಿತ್ರ ನೋಡುವವರ ಕಡೆಗೆ ಮುಖ ಮಾಡಿ.

ಪ್ರದರ್ಶನ ಮುಗಿದು ಚಿತ್ರ ವಾಪಸ್ ಬಂತು. ನಾನು ಕಂಬಳಿ ಬಿಚ್ಚಿ, "ಬಂದ್ಯಾ ಅಕ್ಕ" ಅಂದೆ. ಭಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿದರು. ಹಾಗೇ ನಿಂತುಬಿಟ್ಟರು.

ಹೊರಗೆ ಕಾಣುವ ಚಿನ್ನದ ಬಣ್ಣದ ಫ್ರೇಮ್ ಇದೆಯಲ್ಲ, ಅದರೊಳಗೆ ಇನ್ನೊಂದು ಮರದ ಚೌಕಟ್ಟಿರುತ್ತದೆ. ಬಟ್ಟೆಯನ್ನು ಎಳೆದು ಬಿಗಿದು ಮೊಳೆ ಹೊಡೆಯುವುದು ಅದಕ್ಕೆ. ಆ ಮರ ಹೊಸದಾಗಿತ್ತು. ಭಾವ ಮೊಂಡು ಚಾಕುವಿನಿಂದ ಒಂದು ಮೂಲೆಯ ಬಟ್ಟೆ ಎತ್ತಿ ನೋಡಿ, ಕುರ್ಚಿಯಲ್ಲಿ ಕುಸಿದು ಕೂತರು. "ಇದು ಅದಲ್ಲ. ಇದು ನಕಲು."

ಆಗ ಗುಟ್ಟು ಹೊರಬಂತು. ತಮ್ಮ ಕೈಗೆ ಬಂದ ಪ್ರತಿ ಚಿತ್ರಕ್ಕೂ ಇವರು ಯಾರಿಗೂ ಗೊತ್ತಾಗದ ಹಾಗೆ ಒಂದು ಗುರುತು ಮಾಡುತ್ತಿದ್ದರಂತೆ. ಸೂಜಿ ಕಾಯಿಸಿ, ಬಟ್ಟೆ ಮಡಿಚಿದ ಅಡಿಯಲ್ಲಿ, ಒಳಚೌಕಟ್ಟಿನ ಮರದ ಮೇಲೆ ಮೂರು ಸಣ್ಣ ಸುಟ್ಟ ಚುಕ್ಕೆ. ಚಿತ್ರವನ್ನು ಯಾರಾದರೂ ಅದಲುಬದಲು ಮಾಡಿದರೆ ಗೊತ್ತಾಗಲಿ ಅಂತ. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲವೇನೋ.

"ಮರ ಹಾಳಾಗಿತ್ತೇನೋ, ಬದಲಾಯಿಸಿರಬಹುದು. ಬಟ್ಟೆ ಹಳೆಯದೇ ಇದೆಯಲ್ಲ" ಅಂದೆ.

"ಹಳೇ ಬಟ್ಟೆ ಎಲ್ಲಿ ಬೇಕಾದ್ರೂ ಸಿಗುತ್ತೆ. ಮರ ಬದಲಾಯಿಸಿದ್ದು ಯಾರು? ಯಾಕೆ? ನನಗೆ ಹೇಳದೆ? ಕಳ್ಳತನ ಇಲ್ಲದಿದ್ರೆ ಹೇಳೋಕೇನು ಕಷ್ಟ?"

"ಭಾವ, ಒಂದು ಸಲ ಮುಖ ನೋಡಿ. ಅಕ್ಕ ಅಲ್ಲವಾ ಇದು?"

"ಮುಖ ಯಾರು ಬೇಕಾದ್ರೂ ಬರೀತಾರೆ" ಅಂದರು. ನನಗೆ ಮೈಯೆಲ್ಲ ಉರಿಯಿತು.

ಕಲಾಭವನಕ್ಕೆ ಹೋಗಿ ಗಲಾಟೆ ಮಾಡಿದರು. ಅಲ್ಲಿನವರು, ನಾವು ಮುಟ್ಟಿಯೇ ಇಲ್ಲ, ನೇತುಹಾಕಿದ್ದೆವು, ಇಳಿಸಿದೆವು ಅಂದರು. ಹಿಂದಿನ ಓಣಿಯಲ್ಲಿ ಫ್ರೇಮ್ ಹಾಕುವವನಿದ್ದಾನೆ. ಬಾಯಲ್ಲಿ ಯಾವಾಗಲೂ ಮೊಳೆ ಕಚ್ಚಿಕೊಂಡಿರುವುದರಿಂದ ಅವನನ್ನು ಮೊಳೆರಾಯ ಅನ್ನುತ್ತೇವೆ. ಭಾವ ಪೊಲೀಸರ ಹಾಗೆ ಅವನ ಎದುರು ಹೋಗಿ ನಿಂತರು. ಅವನು ಮೊಳೆ ಕಚ್ಚಿಕೊಂಡೇ ತಲೆ ಅಲ್ಲಾಡಿಸಿ, ಇಲ್ಲ ಅಂದ. ನನ್ನನ್ನೂ ಬಿಡಲಿಲ್ಲ. ಊಟಕ್ಕೆ ಕೂತಾಗ, "ಕಂಬಳಿ ಬಿಚ್ಚುವಾಗ ನೀನು ಯಾಕೆ ಅಷ್ಟು ಬೇಗ 'ಅಕ್ಕ' ಅಂದೆ?" ಅಂತ ಕೇಳಿದರು. ಅವರ ತಟ್ಟೆಯನ್ನು ಅಲ್ಲೇ ಬಿಟ್ಟು ನಾನು ಎದ್ದು ಹೋದೆ. ಒಂದು ವಾರ ಅವರೇ ಬಡಿಸಿಕೊಂಡರು.

ಕೊನೆಗೆ ಉಳಿದವರು ಮಾಸ್ತರು. ಸುದ್ದಿ ತಿಳಿದು ಅವರೇ ಬಂದರು. ಬರುವಾಗ ಮುಖದಲ್ಲಿ ನಗುವಿತ್ತು, ಏನೋ ಹೇಳಲಿಕ್ಕಿತ್ತು. ಚಿತ್ರ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

"ಮೊದಲು ಅದನ್ನ ತಿರುಗಿಸಿ ನೋಡೋ" ಅಂದರು ಮಾಸ್ತರು.

"ನೋಡೋದೇನಿದೆ? ಇದನ್ನ ಇಷ್ಟು ಚೆನ್ನಾಗಿ ಇನ್ನೊಂದು ಸಲ ಬರೆಯೋಕೆ ಯಾರಿಗೆ ಸಾಧ್ಯ ಅಂತ ಯೋಚನೆ ಮಾಡ್ದೆ. ಒಬ್ಬನಿಗೇ ಸಾಧ್ಯ."

ಮಾಸ್ತರ ನಗು ನಿಂತಿತು. ಭಾವ ಬಾಯಿಗೆ ಬೀಗ ಹಾಕಬೇಕಾದ ಜಾಗ ಅದು, ಹಾಕಲಿಲ್ಲ. "ಅವಳನ್ನ ಅಷ್ಟು ಮನಸ್ಸಿಟ್ಟು ಬರೆದವನಿಗೆ ಅವಳನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ, ಅಲ್ವಾ? ನಿಜವಾದದ್ದು ನಿನ್ನ ಮನೇಲಿದೆ. ಅವಳನ್ನ ನನಗೆ ಗೊತ್ತಿಲ್ಲದೆ ಕೂರಿಸಿಕೊಂಡು ಬರೆದಾಗಲೇ ನಾನು ಅರ್ಥ ಮಾಡ್ಕೋಬೇಕಿತ್ತು."

ನಾನು ಹಿಂದಿನ ಕೋಣೆಯ ಬಾಗಿಲಲ್ಲಿದ್ದೆ. ನನಗೆ ನಾಚಿಕೆಯಾಯಿತು. ಸತ್ತವಳ ಮೇಲೂ ಅನುಮಾನ. ಮಾಸ್ತರು ಮೆಲ್ಲಗೆ, "ನೀನು ಹೇಳಿದ್ದು ಸರಿ. ಇದು ನಾನು ಬರೆದದ್ದಲ್ಲ" ಅಂದು ಹೊರಟುಹೋದರು.

ಭಾವ ನನ್ನ ಕಡೆ ತಿರುಗಿ, "ಕೇಳಿದ್ಯಾ?" ಅಂದರು. ಗೆದ್ದವರ ದನಿ. ಮುಖದಲ್ಲಿ ಮಾತ್ರ ಗೆದ್ದ ಕಳೆಯಿರಲಿಲ್ಲ.

ಬರೆದವನೇ ನನ್ನದಲ್ಲ ಅಂದ ಮೇಲೆ ಊರು ಒಪ್ಪದೆ ಇನ್ನೇನು? ಊರು ಭಾವನಿಗಿಟ್ಟ ಹೆಸರು ಭೂತಗನ್ನಡಿ. ಭೂತಗನ್ನಡಿಯ ಹೆಂಡತಿಯ ಚಿತ್ರ ನಕಲಿಯಂತೆ ಅಂತ ಎಲ್ಲ ಕಡೆ ಆಯಿತು. ಭಾವ ಕೆಂಪು ಚುಕ್ಕಿಯನ್ನು ಕೆರೆದು ತೆಗೆದರು. ಚಿತ್ರವನ್ನು ಅಟ್ಟಣಿಗೆಯ ಸಂದಿಗೆ ತುರುಕಲು ಹೋದಾಗ ನಾನು ಕಿತ್ತುಕೊಂಡು ಮಹಡಿಯ ನನ್ನ ಕೋಣೆಯಲ್ಲಿ ಹಾಕಿಕೊಂಡೆ. "ನಕಲಿ ಅಕ್ಕ ಸಾಕು ನನಗೆ" ಅಂದೆ.

ಅಲ್ಲಿಂದ ಶುರುವಾಯಿತು ಹುಡುಕಾಟ. ಯಾರ ಮನೆಯಲ್ಲಿ ಚಿತ್ರಗಳಿವೆ ಅಂತ ಗೊತ್ತಾದರೂ ಏನೋ ನೆಪ ಮಾಡಿಕೊಂಡು ಹೋಗುವರು, ಮನೆಯವರು ಒಳಗೆ ಹೋದ ತಕ್ಷಣ ಗೋಡೆಯ ಚಿತ್ರಗಳನ್ನು ಎತ್ತಿ ಬೆನ್ನು ನೋಡುವರು. ವಕೀಲರೊಬ್ಬರ ಮನೆಯಲ್ಲಿ ಸಿಕ್ಕಿಬಿದ್ದು, ಹಲ್ಲಿ ಕಂಡ ಹಾಗಾಯಿತು ಅಂದು ತಪ್ಪಿಸಿಕೊಂಡು ಬಂದರು. ಮಾಸ್ತರ ಮನೆಯ ಎದುರಿನ ಮರದ ಕೆಳಗೆ ನಿಂತು ಅವರ ಕಿಟಕಿಗಳನ್ನು ನೋಡುತ್ತಿದ್ದರಂತೆ. ಮಾಸ್ತರು ಪರದೆ ಎಳೆದುಕೊಂಡರು. ಎಳೆದ ಪರದೆ ಇವರ ಅನುಮಾನಕ್ಕೆ ಇನ್ನೊಂದು ಸಾಕ್ಷಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಎರಡು ಬೇಸಿಗೆ ಕಳೆಯಿತು. ಗ್ಯಾಲರಿಗೆ ಬರುವವರು ಕಡಿಮೆಯಾದರು. ಭಾವ ಸೊರಗಿದರು.

ಒಂದು ದಿನ ಒಡೆದ ಗಾಜಿನ ಫ್ರೇಮೊಂದನ್ನು ಕೊಡಲು ಮೊಳೆರಾಯನ ಹತ್ತಿರ ಹೋದೆ. ಅವನ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಿರಲಿ ಅಂತ ಒಂದು ಮರದ ಪಟ್ಟಿಯನ್ನು ಅಡ್ಡ ಕೊಟ್ಟಿದ್ದ. ಒಂದು ತುದಿ ಹುಳ ತಿಂದಿತ್ತು. ಇನ್ನೊಂದು ತುದಿಯಲ್ಲಿ ಮೂರು ಸುಟ್ಟ ಚುಕ್ಕೆ.

"ಇದು ಎಲ್ಲಿಂದ ಬಂತು?" ಅಂದೆ. ಅವನು ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. ಮೊಳೆ ಉಗುಳಿದ ಅಂದರೆ ನಿಜ ಹೇಳುತ್ತಾನೆ ಅಂತ ಲೆಕ್ಕ.

"ಅಕ್ಕಾವ್ರೆ, ಅವರ ಕಿವಿಗೆ ಹಾಕಬೇಡಿ. ಪ್ರದರ್ಶನಕ್ಕೆ ಮೊದಲು ಮಾಸ್ತರು ಕಲಾಭವನಕ್ಕೆ ಕರೆಸಿದ್ರು. ಅಮ್ಮನ ಚಿತ್ರದ ಮರಕ್ಕೆ ಹುಳ ಬಿದ್ದಿತ್ತು. ಹಾಗೇ ಬಿಟ್ರೆ ಬಟ್ಟೇನೂ ಹೋಗುತ್ತೆ, ಹೊಸ ಮರ ಹಾಕು ಅಂದ್ರು. ಅವನಿಗೆ ಗೊತ್ತಾದ್ರೆ ನಿದ್ದೆ ಕೆಡಿಸ್ಕೋತಾನೆ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದ್ರು. ಇವರು ಬಂದು ಕೇಳಿದಾಗ ಮಾಸ್ತರು ಹೇಳೋವರೆಗೆ ನಾನ್ಯಾಕೆ ಹೇಳಲಿ ಅಂತ ಸುಮ್ಮನಿದ್ದೆ. ಆಮೇಲೆ ನೋಡಿದ್ರೆ ಅವರೇ ನನ್ನದಲ್ಲ ಅಂದ್ಬಿಟ್ಟಿದಾರೆ. ದೊಡ್ಡವರ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ?"

ಪಟ್ಟಿಯನ್ನು ಕಿತ್ತುಕೊಂಡು ಬಂದು ಭಾವನ ಎದುರು ಇಟ್ಟು, ಕೇಳಿದ್ದನ್ನೆಲ್ಲ ಹೇಳಿದೆ. ಅವರು ಭೂತಗನ್ನಡಿ ಹಿಡಿದರು. ಮೂಸಿದರು. ಮತ್ತೆ ನೋಡಿದರು. ಆಮೇಲೆ ತಲೆಯೆತ್ತಿ, "ಈ ಗುರುತನ್ನೂ ಯಾರಾದ್ರೂ ನೋಡಿ..." ಅಂತ ಶುರು ಮಾಡಿದರು.

"ಇನ್ನೊಂದು ಮಾತು ಆಡಿದ್ರೆ ಈ ಪಟ್ಟಿಯನ್ನ ಒಲೆಗೆ ಹಾಕ್ತೀನಿ. ಏಳಿ, ಚಪ್ಪಲಿ ಮೆಟ್ಟಿಕೊಳ್ಳಿ" ಅಂದೆ. ನನ್ನ ದನಿ ಕೇಳಿ ಅವರು ಎದ್ದರು.

ಮಾಸ್ತರು ಬಾಗಿಲನ್ನು ಅರ್ಧ ತೆರೆದು ನಿಂತರು. ಒಳಗೆ ಕರೆಯಲಿಲ್ಲ. ಭಾವ ಪಟ್ಟಿಯನ್ನು ಮುಂದೆ ಚಾಚಿ, "ತಪ್ಪಾಯ್ತು ಕಣೋ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮಾಸ್ತರು ಪಟ್ಟಿಯನ್ನು ಮುಟ್ಟಲಿಲ್ಲ. "ಇದು ಸಿಕ್ಕಿದ್ದಕ್ಕೆ ನೀನು ಬಂದೆ. ಸಿಗದಿದ್ರೆ ನಾನು ಕಳ್ಳನೇ ತಾನೆ?"

ಭಾವ ಪಟ್ಟಿಯನ್ನು ಕೆಳಗಿಳಿಸಿದರು.

"ಒಂದು ಕೇಳ್ತೀನಿ, ಹೇಳು. ಆ ಚಿತ್ರದ ಹಿಂದೆ ಏನೇನಿತ್ತು?"

"ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಗಂಟು. ಎಡಗಡೆ ಒಂದು ಮೊಳೆ ಸೊಟ್ಟಗೆ. ಬಲಗಡೆ ಕೆಳಗೆ ಮರದ ಮೇಲೆ ನಿನ್ನ ಬೆರಳಿನ ನೀಲಿ ಗುರುತು" ಅಂತ ಭಾವ ಪಾಠ ಒಪ್ಪಿಸಿದರು.

"ಸರಿ. ಮುಂದೆ? ಅವಳ ಕೈಯಲ್ಲಿ ಏನಿದೆ?"

ಭಾವ ನನ್ನ ಕಡೆ ನೋಡಿದರು. ನಾನು ತುಟಿ ಕಚ್ಚಿಕೊಂಡು ನಿಂತೆ, ಹೇಳಿಕೊಡಲಿಲ್ಲ. "ಪುಸ್ತಕ" ಅಂದರು ಕೊನೆಗೆ.

ಮಾಸ್ತರ ಮುಖದಲ್ಲಿ ಸಿಟ್ಟು ಹೋಗಿ ಮರುಕ ಬಂತು. "ಹೋಗು. ನೋಡಿಕೊಂಡು ಬಾ" ಅಂದು ಬಾಗಿಲು ಹಾಕಿಕೊಂಡರು.

ದಾರಿಯಲ್ಲಿ ಭಾವ ತಾವಾಗಿಯೇ ಮಾತಾಡಿದರು. "ಅವಳು ಹೋದ ಮೇಲೆ ಆ ಕಡೆ ನೋಡೋಕೆ ನನಗೆ ಆಗ್ತಿರಲಿಲ್ಲ."

"ಅದಕ್ಕಿಂತ ಮೊದಲು?"

"ಮೊದಲು ಅವಳೇ ಇದ್ದಳಲ್ಲ. ಚಿತ್ರ ಯಾಕೆ ನೋಡಲಿ?"

ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಮಹಡಿ ಹತ್ತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಬರಲಾ?" ಅಂತ ಕೇಳಿದರು. ಚಿತ್ರದ ಎದುರು ಕುರ್ಚಿ ಹಾಕಿಕೊಟ್ಟೆ. ಅಭ್ಯಾಸ ಬಲದಿಂದ ಕೈ ಫ್ರೇಮಿನ ಅಂಚಿಗೆ ಹೋಯಿತು. ನಾನು ಕೆಮ್ಮಿದೆ. ಕೈ ಕೆಳಗಿಳಿಯಿತು.

ಚಿತ್ರದಲ್ಲಿ ಅಕ್ಕ ಒಂದು ಕುರ್ಚಿಯಲ್ಲಿ ಕೂತಿದ್ದಾಳೆ. ನಗು ಬರುವ ಮುಂಚೆ ಕೆಳತುಟಿ ಕಚ್ಚುವುದು ಅವಳ ಅಭ್ಯಾಸ, ಹಾಗೇ ಕಚ್ಚಿದ್ದಾಳೆ. ಬಲಗೈಯಲ್ಲಿ ಭಾವನ ಭೂತಗನ್ನಡಿ. ಅದನ್ನು ಕಣ್ಣಿಗೆ ಹಿಡಿದು, ಎದುರಿಗೆ ಬಂದು ನಿಂತವರನ್ನು ನೋಡುತ್ತಿದ್ದಾಳೆ. ಗಾಜಿನೊಳಗೆ ಒಂದು ಕಣ್ಣು ಇಷ್ಟಗಲವಾಗಿದೆ.

ಭಾವ ಆ ಭೂತಗನ್ನಡಿಯ ಕಡೆ ಬೆರಳು ಮಾಡಿ, "ಅವತ್ತು ಮಧ್ಯಾಹ್ನ ಕಳೆದುಹೋಗಿತ್ತಲ್ಲ" ಅಂದರು.

"ಹೂಂ. ಮಾಸ್ತರ ಮನೆಗೆ ತಗೊಂಡು ಹೋಗಿದ್ದಳು. ನೀವು ಗಡಿಯಾರದವನ ಹತ್ತಿರ ಬೈಸಿಕೊಳ್ತಿದ್ರಿ."

ಭಾವ ಅತ್ತರು. ಆಸ್ಪತ್ರೆಯಲ್ಲೂ ಅತ್ತಿರದ ಮನುಷ್ಯ. "ಇಷ್ಟು ವರ್ಷ ಅವಳು ನೋಡ್ತಾ ಇದ್ದಳು, ನಾನು ಬೆನ್ನು ಹಾಕಿ ಕೂತಿದ್ದೆ" ಅಂದರು. ನಾನೂ ಅಳುತ್ತಿದ್ದೆ.

ಮರುದಿನ ಬೆಳಿಗ್ಗೆಯೇ ನನ್ನನ್ನೂ ಕರೆದುಕೊಂಡು ಹೋಗಿ ಮಾಸ್ತರ ಬಾಗಿಲು ತಟ್ಟಿ, "ನನ್ನ ಭೂತಗನ್ನಡಿ" ಅಂದರು. ಮಾಸ್ತರು ಬಾಗಿಲನ್ನು ಪೂರ್ತಿ ತೆರೆದರು. ಇಬ್ಬರೂ ಎದುರುಬದುರು ಕೂತು ಎಂದಿನ ಹಾಗೆ ಮಾತಿಲ್ಲದೆ ಚಹಾ ಕುಡಿದರು. ಏಳುವಾಗ ಮಾಸ್ತರು, "ಸಿಟ್ಟಲ್ಲಿ ನನ್ನದಲ್ಲ ಅಂದ್ಬಿಟ್ಟೆ. ಅದು ಅಸಲಿ ಅಂತ ಊರಿಗೆ ಹೇಳ್ತೀನಿ, ಕಲಾಭವನದವರಿಗೂ ಹೇಳ್ತೀನಿ" ಅಂದರು. ನನಗೆ ಖುಷಿಯಾಯಿತು. ಭಾವ ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಬೇಡ. ನಕಲಿ ಅಂತಲೇ ಇರಲಿ. ನಕಲಿ ಚಿತ್ರವನ್ನ ಯಾರೂ ಕದಿಯಲ್ಲ."

ಮಾಸ್ತರು ನಕ್ಕ ನಗುವಿಗೆ ಚಹಾ ಲೋಟ ಉರುಳಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಈಗ ಚಿತ್ರ ಮತ್ತೆ ಗ್ಯಾಲರಿಯಲ್ಲಿದೆ, ಹಳೆಯ ಜಾಗದಲ್ಲೇ. ಬದಲಾದದ್ದು ಕುರ್ಚಿ. ಮೇಜನ್ನು ತಿರುಗಿಸಿ, ಬಾಗಿಲಿಗೆ ಬೆನ್ನು ಹಾಕಿ, ಅಕ್ಕನ ಕಡೆ ಮುಖ ಮಾಡಿ ಕೂರುತ್ತಾರೆ. ಯಾರು ಬಂದರು ಯಾರು ಹೋದರು ಅಂತ ನಾನು ಹೇಳಿದರೇ ಗೊತ್ತಾಗುವುದು. ಹೊಸ ಚಿತ್ರ ಬಂದರೆ ಇವತ್ತಿಗೂ ಮಗುಚುತ್ತಾರೆ, ಕರಿ ದಾರ ಇವತ್ತಿಗೂ ಕಟ್ಟುತ್ತಾರೆ. ಗೋಡೆಯ ಮೇಲಿನ ಹೆಂಗಸು ಯಾರು ಅಂತ ಯಾರಾದರೂ ಕೇಳಿದರೆ, "ನಕಲು. ಮಾರಾಟಕ್ಕಿಲ್ಲ" ಅನ್ನುತ್ತಾರೆ.

ನಿನ್ನೆ ಸಂಜೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಚಿತ್ರದ ಮೇಲಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು. "ಏನನ್ನ ನೋಡಿ ಇಷ್ಟು ನಗು ತಡ್ಕೊಂಡಿದಾಳೆ ಇವಳು?"

"ನಿಮ್ಮನ್ನೇ ಭಾವ, ಇನ್ಯಾರನ್ನ?" ಅಂದೆ.

ಈ ಒಂದು ಮಾತನ್ನು ಅವರು ಅನುಮಾನಿಸಲಿಲ್ಲ.